ಸಾಹಿತ್ಯದ ವರ್ಷ ಯಾವ ತಿಂಗಳಲ್ಲಿ ಶುರು?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ನಾನು ಹೋಗುವ ಸಣ್ಣ ಗ್ರಂಥಾಲಯದ ಗೋಡೆಯಲ್ಲಿ ಎರಡು ಕ್ಯಾಲೆಂಡರ್ ಅಕ್ಕಪಕ್ಕ ನೇತಾಡುತ್ತವೆ. ಒಂದು ಮಂಗಳೂರಿನಲ್ಲಿ ಅಚ್ಚಾದದ್ದು, ಇನ್ನೊಂದು ಮಲಯಾಳದ್ದು. ಜುಲೈ ನಡುವಿಗೆ ಒಂದರಲ್ಲಿ ಆಟಿ ಶುರುವಾದರೆ ಇನ್ನೊಂದರಲ್ಲಿ ಕರ್ಕಟಕ. ಹೊರಗೆ ಸುರಿಯುವ ಮಳೆ ಮಾತ್ರ ಒಂದೇ.

ಕಳೆದ ಜೂನಿನಲ್ಲಿ ವಾಚನಾ ವಾರದ ಕ್ವಿಝ್‌ಗೆ ಪ್ರಶ್ನೆ ತಯಾರಿಸುತ್ತಿದ್ದೆವು. ಜೂನ್ 19 ಕೇರಳದಲ್ಲಿ ವಾಚನಾ ದಿನ, ಗ್ರಂಥಾಲಯ ಚಳವಳಿ ಕಟ್ಟಿದ ಪಿ. ಎನ್. ಪಣಿಕ್ಕರ್ ತೀರಿಕೊಂಡ ದಿನ. ಕನ್ನಡ ಶಾಲೆಗಳಲ್ಲೂ ಅದು ನಡೆಯುತ್ತದೆ. ನಾನೊಂದು ಪ್ರಶ್ನೆ ಬರೆದಿದ್ದೆ: 2015ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾಸರಗೋಡಿನ ಕವಿ ಯಾರು? ಉತ್ತರ ಸುಲಭ. ಕಾರಡ್ಕದಲ್ಲಿ ಹುಟ್ಟಿದ ಕೆ. ವಿ. ತಿರುಮಲೇಶ್, ಕೃತಿ 'ಅಕ್ಷಯ ಕಾವ್ಯ'. ಪ್ಲಸ್ ಟು ಓದುವ ಹುಡುಗಿಯೊಬ್ಬಳು ಕಪಾಟಿನಿಂದ ಆ ಪುಸ್ತಕವನ್ನೇ ತಂದು ಮೇಜಿನ ಮೇಲಿಟ್ಟಳು.

"ಮಾವ, ಇದರಲ್ಲಿ 2010 ಅಂತ ಇದೆ. ನಿಮ್ಮ ಪ್ರಶ್ನೆ ತಪ್ಪಲ್ವಾ?"

ಪ್ರಶ್ನೆ ಸರಿ ಇತ್ತು. ಆದರೆ ಅವಳಿಗೆ ಎರಡೇ ಮಾತಲ್ಲಿ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಈ ಬರಹ ಆ ಉತ್ತರವೇ, ಸ್ವಲ್ಪ ಉದ್ದವಾಗಿದೆ ಅಷ್ಟೆ.

'ಈ ವರ್ಷದ ಸಾಹಿತ್ಯ' ಎಂದು ನಾವು ಸುಮ್ನೆ ಹೇಳಿಬಿಡುತ್ತೇವೆ. ಯಾವ ವರ್ಷ? ನಮ್ಮೂರಲ್ಲಿ ಬಿಸು ಹಬ್ಬಕ್ಕೆ ಒಂದು ವರ್ಷ ಶುರು, ಮಲಯಾಳದ ಚಿಂಗ ತಿಂಗಳಿಗೆ ಇನ್ನೊಂದು, ಜನವರಿಗೆ ಮತ್ತೊಂದು. ಶಾಲೆಗೆ ಹೋಗುವ ಮಕ್ಕಳಿದ್ದರೆ ಜೂನಿಗೆ. ಯಕ್ಷಗಾನದವರನ್ನು ಕೇಳಿದರೆ ಮೇ ಕೊನೆಯ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೀಪಾವಳಿ ಕಳೆದ ಮೇಲೆ ಮತ್ತೆ ಕಟ್ಟುತ್ತವೆ, ನಡುವಿನ ಮಳೆಗಾಲ ತಾಳಮದ್ದಳೆಯದ್ದು ಎನ್ನುತ್ತಾರೆ. ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗಗಳಿಗೆ ಇವತ್ತಿಗೂ ಅದೇ ಪಂಚಾಂಗ. ಪತ್ರಿಕೆಯವರಿಗೆ ದೀಪಾವಳಿ ವಿಶೇಷಾಂಕ, ಮಲಯಾಳದವರಿಗೆ ಓಣಂ ವಿಶೇಷಾಂಕ. ಕಥೆಗಾರರ ಪೆನ್ನು ಆ ಹೊತ್ತಿಗೆ ಜಾಸ್ತಿ ಓಡುತ್ತದೆ. ಹೀಗೆ ಹತ್ತಾರು ವರ್ಷಗಳು ಒಂದರ ಮೇಲೊಂದು ಕೂತಿರುತ್ತವೆ.

ಉದಾಹರಣೆಗೆ 2015ನ್ನೇ ತೆಗೆದುಕೊಳ್ಳೋಣ. ಅಷ್ಟು ತುಂಬಿದ, ಅಷ್ಟು ನೋವಿನ ವರ್ಷ ನಮ್ಮ ಸಾಹಿತ್ಯದಲ್ಲಿ ಇತ್ತೀಚೆಗೆ ಕಡಿಮೆ.

ಶುರುವಾದದ್ದೇ ಕೆಟ್ಟದಾಗಿ. ಜನವರಿ ಎರಡನೇ ವಾರ ತಮಿಳಿನ ಪೆರುಮಾಳ್ ಮುರುಗನ್ ತನ್ನೊಳಗಿನ ಲೇಖಕ ಸತ್ತ ಎಂದು ಫೇಸ್‌ಬುಕ್‌ನಲ್ಲಿ ಬರೆದರು. 'ಮಾದೊರುಬಾಗನ್' ಕಾದಂಬರಿ ತಮ್ಮ ಊರಿಗೆ, ಜಾತಿಗೆ ಅವಮಾನ ಮಾಡಿದೆ ಎಂದು ನಾಮಕ್ಕಲ್ ಜಿಲ್ಲೆಯ ತಿರುಚೆಂಗೋಡಿನಲ್ಲಿ ಗಲಾಟೆ ಎದ್ದಿತ್ತು. ಜಿಲ್ಲಾಡಳಿತ ಕರೆದ ಸಭೆಯಲ್ಲಿ ಲೇಖಕರಿಂದ ಕ್ಷಮಾಪಣೆಯ ಒಪ್ಪಂದ ಬರೆಸಿಕೊಂಡಿದ್ದರು. ಆ ಕಾದಂಬರಿ ಬಂದದ್ದು 2010ರಲ್ಲಿ. ನಾಲ್ಕು ವರ್ಷ ತೆಪ್ಪಗಿದ್ದ ಪುಸ್ತಕಕ್ಕೆ ಇಂಗ್ಲಿಷ್ ಅನುವಾದ ಬಂದಮೇಲೆ, 2014ರ ಕೊನೆಗೆ ಬೆಂಕಿ ಬಿತ್ತು. ಮುಂದೆ 2016ರ ಜುಲೈಯಲ್ಲಿ ಮದ್ರಾಸ್ ಹೈಕೋರ್ಟ್ ಆ ಒಪ್ಪಂದಕ್ಕೆ ಬೆಲೆ ಇಲ್ಲ ಎಂದು ತಳ್ಳಿಹಾಕಿತು. ಲೇಖಕರು ಮತ್ತೆ ಬರೆದರು.

2010 ಎಂಬ ಇಸವಿಯನ್ನು ನೆನಪಿಟ್ಟುಕೊಳ್ಳಿ. ಆ ಹುಡುಗಿ ತಂದಿಟ್ಟ ಪುಸ್ತಕದ ಮೇಲಿದ್ದದ್ದೂ ಅದೇ.

ಜನವರಿ ಕೊನೆಗೆ ಶ್ರವಣಬೆಳಗೊಳದಲ್ಲಿ 81ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ. ಅಧ್ಯಕ್ಷರು ಸಿದ್ಧಲಿಂಗಯ್ಯ. ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ. ಮೊದಲ ಸಮ್ಮೇಳನ 1915ರಲ್ಲಿ ಬೆಂಗಳೂರಿನಲ್ಲಿ ನಡೆಯಿತು. ನೂರು ವರ್ಷ ಕಳೆದಾಗ ನಡೆಯುತ್ತಿರುವುದು 81ನೆಯದು. ಅಂದರೆ ವರ್ಷಕ್ಕೊಂದು ಎಂಬ ಮಾತು ಇಪ್ಪತ್ತರಷ್ಟು ಸಲ ತಪ್ಪಿದೆ. ಆಮೇಲೂ ಹಾಗೆಯೇ. ರಾಯಚೂರಿನ 82ನೆಯದು 2016ರ ಡಿಸೆಂಬರ್‌ಗೆ ಬಂತು. ಮೈಸೂರಿನದು 2017ರ ನವೆಂಬರ್‌ಗೆ. ಧಾರವಾಡದ್ದು 2019ರ ಜನವರಿಗೆ ಜಾರಿದ್ದರಿಂದ 2018ರಲ್ಲಿ ಸಮ್ಮೇಳನವೇ ಇಲ್ಲ. ಹಾವೇರಿಯದ್ದು ಕೊರೊನಾದಿಂದ ಮುಂದೆ ಹೋಗುತ್ತಾ ಹೋಗುತ್ತಾ 2023ರ ಜನವರಿಗೆ ನಿಂತಿತು. ನೆರೆ, ಬರ, ಚುನಾವಣೆ, ಹಣ, ಒಂದಲ್ಲ ಒಂದು ಅಡ್ಡ ಬರುತ್ತದೆ. ಊರ ಜಾತ್ರೆಯಾದರೆ ದಿನ ಬದಲಾಗುವುದಿಲ್ಲ. ಸಾಹಿತ್ಯದ ಜಾತ್ರೆಗೆ ದಿನ ನಿಗದಿ ಇಲ್ಲ.

ಸಮ್ಮೇಳನದ ಊರುಗಳ ಪಟ್ಟಿ ಓದುವುದು ನನಗಿಷ್ಟ. ಅದರಲ್ಲಿ ಒಂದು ಚಂದದ ಸಾಲು ಇದೆ. 1948 ಕಾಸರಗೋಡು. 1949 ಕಲಬುರಗಿ. 1950 ಸೊಲ್ಲಾಪುರ. 1951 ಮುಂಬಯಿ. ಆಗ ಕಾಸರಗೋಡು ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಕಲಬುರಗಿ ಹೈದರಾಬಾದಿನದು, ಸೊಲ್ಲಾಪುರ ಮುಂಬಯಿ ಪ್ರಾಂತ್ಯದ್ದು. ಸಾಲಾಗಿ ನಾಲ್ಕು ವರ್ಷ ಸಮ್ಮೇಳನ ಮೈಸೂರು ರಾಜ್ಯದೊಳಗೆ ಕಾಲಿಡಲಿಲ್ಲ. ಕರ್ನಾಟಕ ಏಕೀಕರಣ ಆಗಬೇಕು ಎಂದು ಕೂಗಿದವರಿಗೆ ಇದಕ್ಕಿಂತ ಒಳ್ಳೆಯ ನಕ್ಷೆ ಬೇಕಿರಲಿಲ್ಲ. ಕಾಸರಗೋಡಿನಲ್ಲಿ ತಿ. ತಾ. ಶರ್ಮರು ಅಧ್ಯಕ್ಷರು. ಮುಂಬಯಿಯಲ್ಲಿ ನಮ್ಮ ಮಂಜೇಶ್ವರದ ಗೋವಿಂದ ಪೈಗಳು. ಐದು ವರ್ಷದ ಮೇಲೆ, 1956ರ ನವೆಂಬರ್ 1ಕ್ಕೆ, ಆ ನಾಲ್ಕು ಊರುಗಳಲ್ಲಿ ಕಲಬುರಗಿ ಒಂದೇ ಕನ್ನಡ ರಾಜ್ಯಕ್ಕೆ ಬಂತು. ಕಾಸರಗೋಡು ಕೇರಳಕ್ಕೆ ಹೋಯಿತು. ಸೊಲ್ಲಾಪುರ ಮುಂಬಯಿಯಲ್ಲೇ ಉಳಿದು ಆಮೇಲೆ ಮಹಾರಾಷ್ಟ್ರವಾಯಿತು. ಆದರೂ 1974ರಲ್ಲಿ ಮಂಡ್ಯದ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷೆ ಸಿಕ್ಕಿದ್ದು ಆ ಸೊಲ್ಲಾಪುರದಿಂದಲೇ, ಜಯದೇವಿ ತಾಯಿ ಲಿಗಾಡೆ.

ಮತ್ತೆ 2015ಕ್ಕೆ. ಮೇ 5ಕ್ಕೆ ಕನ್ನಡ ಸಾಹಿತ್ಯ ಪರಿಷತ್ತಿಗೆ ನೂರು ತುಂಬಿತು. ಜೂನ್ 8ಕ್ಕೆ ನಮ್ಮ ಕಯ್ಯಾರ ಕಿಞ್ಞಣ್ಣ ರೈಗಳಿಗೂ ನೂರು ತುಂಬಿತು. ಪರಿಷತ್ತಿಗಿಂತ 34 ದಿನ ಚಿಕ್ಕವರು! ಪೆರಡಾಲದ ಶಾಲೆಯಲ್ಲಿ ಮೇಷ್ಟ್ರಾಗಿದ್ದು, ಬದಿಯಡ್ಕ ಪಂಚಾಯತಿನ ಅಧ್ಯಕ್ಷರಾಗಿ, ಕೃಷಿ ಮಾಡಿ, ಜೈಲಿಗೂ ಹೋಗಿ, ಕಾಸರಗೋಡು ಕರ್ನಾಟಕಕ್ಕೆ ಸೇರಲಿ ಎಂದು ಕೊನೆವರೆಗೂ ಹಟ ಹಿಡಿದವರು. 1997ರ ಮಂಗಳೂರು ಸಮ್ಮೇಳನದ ಅಧ್ಯಕ್ಷರೂ ಅವರೇ. ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು ಮಹಾಜನ ಆಯೋಗ 1967ರಲ್ಲಿ ಹೇಳಿದ್ದನ್ನು ಅವರು ಸಿಕ್ಕ ವೇದಿಕೆಯಲ್ಲೆಲ್ಲ ನೆನಪಿಸುತ್ತಿದ್ದರು. ಆಗಸ್ಟ್ 9ರಂದು, ಆಟಿಯ ಮಳೆಯಲ್ಲಿ, ಬದಿಯಡ್ಕದ 'ಕವಿತಾ ಕುಟೀರ'ದ ಆ ಹಿರಿಯರು ಹೊರಟುಹೋದರು. ಕ್ವಿಟ್ ಇಂಡಿಯಾ ದಿನ. ಸ್ವಾತಂತ್ರ್ಯ ಹೋರಾಟಗಾರನಿಗೆ ಬೇರೆ ದಿನ ಸಿಕ್ಕಲಿಲ್ಲವೇನೋ.

ಮೂರು ವಾರ ಕಳೆದಿತ್ತು. ಆಗಸ್ಟ್ 30, ಭಾನುವಾರ ಬೆಳಗ್ಗೆ, ಧಾರವಾಡದ ಮನೆಯಲ್ಲಿ ಎಂ. ಎಂ. ಕಲಬುರ್ಗಿಯವರನ್ನು ಗುಂಡಿಟ್ಟು ಕೊಂದರು. ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು, ವಚನ ಮತ್ತು ಶಾಸನಗಳ ದೊಡ್ಡ ವಿದ್ವಾಂಸರು. 'ಮಾರ್ಗ-4' ಕೃತಿಗೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು.

ಮುಂದೆ ಆದದ್ದನ್ನು ತಿಳಿಯಲು ಅಕಾಡೆಮಿ ಅಂದರೇನು ಎಂದು ಸ್ವಲ್ಪ ನೋಡಬೇಕು. ಇದರಲ್ಲಿ ಗೊಂದಲ ಜಾಸ್ತಿ.

ಕೇಂದ್ರ ಸಾಹಿತ್ಯ ಅಕಾಡೆಮಿ ಶುರುವಾದದ್ದು 1954ರಲ್ಲಿ. ದುಡ್ಡು ಕೇಂದ್ರ ಸರ್ಕಾರದ್ದು, ಆಡಳಿತ ತನ್ನದೇ. ಲೆಕ್ಕಕ್ಕೆ ಹಿಡಿಯುವುದು 24 ಭಾಷೆ. ಸಂವಿಧಾನದ ಎಂಟನೇ ಪರಿಚ್ಛೇದದ 22, ಜೊತೆಗೆ ಇಂಗ್ಲಿಷ್ ಮತ್ತು ರಾಜಸ್ಥಾನಿ. ನಮ್ಮ ತುಳು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ತುಳುವಿನಲ್ಲಿ ಎಂಥಾ ಪುಸ್ತಕ ಬಂದರೂ ವಾರ್ಷಿಕ ಪ್ರಶಸ್ತಿ ಇಲ್ಲ, ಯಾವಾಗಲಾದರೊಮ್ಮೆ 'ಭಾಷಾ ಸಮ್ಮಾನ್' ಅಷ್ಟೇ. ಒಂದೊಂದು ಭಾಷೆಗೂ ಒಂದು ಸಲಹಾ ಮಂಡಳಿ, ಎಲ್ಲಕ್ಕೂ ಮೇಲೆ ಸಾಮಾನ್ಯ ಸಭೆ. ಆ ಹೊತ್ತಿಗೆ ಉಪಾಧ್ಯಕ್ಷರು ಕನ್ನಡದವರೇ ಆದ ಚಂದ್ರಶೇಖರ ಕಂಬಾರರು.

ತನ್ನದೇ ಪ್ರಶಸ್ತಿ ಪಡೆದ ಲೇಖಕನ ಕೊಲೆ ಆದಾಗ ಅಕಾಡೆಮಿ ಗಟ್ಟಿಯಾಗಿ ಬಾಯಿ ಬಿಡಲಿಲ್ಲ ಎಂಬುದೇ ಲೇಖಕರ ದೂರು. ಸೆಪ್ಟೆಂಬರ್ ಮೊದಲ ವಾರ ಹಿಂದಿಯ ಉದಯ ಪ್ರಕಾಶ್ ಪ್ರಶಸ್ತಿ ಹಿಂತಿರುಗಿಸಿದರು. ಅಕ್ಟೋಬರಿನಲ್ಲಿ ನಯನತಾರಾ ಸೆಹಗಲ್, ಅಶೋಕ್ ವಾಜಪೇಯಿ, ಮಲಯಾಳದ ಸಾರಾ ಜೋಸೆಫ್. ಒಟ್ಟು ಮೂವತ್ತಕ್ಕೂ ಹೆಚ್ಚು ಜನ. ಇಲ್ಲಿ ಎರಡು ಬೇರೆ ಬೇರೆ ಕೆಲಸಗಳು ಸೇರಿಕೊಂಡಿದ್ದವು. ಪ್ರಶಸ್ತಿ ಹಿಂತಿರುಗಿಸುವುದು ಅಂದರೆ ಹಿಂದೆ ಎಂದೋ ಪಡೆದ ಫಲಕವನ್ನೂ ಹಣವನ್ನೂ ವಾಪಸು ಕಳಿಸುವುದು. ರಾಜೀನಾಮೆ ಅಂದರೆ ಈಗ ಕೂತಿರುವ ಕುರ್ಚಿ ಬಿಡುವುದು. ಮಲಯಾಳದ ಕೆ. ಸಚ್ಚಿದಾನಂದನ್, ಕನ್ನಡದ ಅರವಿಂದ ಮಾಲಗತ್ತಿ ಮಾಡಿದ್ದು ಎರಡನೆಯದು. ಚಂಪಾ, ಅಂದರೆ ಚಂದ್ರಶೇಖರ ಪಾಟೀಲರು, ಹಿಂತಿರುಗಿಸಿದ್ದು ಪಂಪ ಪ್ರಶಸ್ತಿ. ಅದು ಕರ್ನಾಟಕ ಸರ್ಕಾರದ್ದು, ಅಕಾಡೆಮಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಟೀವಿಯಲ್ಲಿ ಎಲ್ಲವೂ ಒಂದೇ ಬುಟ್ಟಿಗೆ ಬಿತ್ತು.

ಕೊಟ್ಟ ಪ್ರಶಸ್ತಿಯನ್ನು ಹೇಗೆ ವಾಪಸು ತೆಗೆದುಕೊಳ್ಳುವುದು ಎಂದು ಅಕಾಡೆಮಿಯ ನಿಯಮದಲ್ಲಿ ಬರೆದಿರಲಿಲ್ಲ. ಇಂಥ ದಿನ ಬರುತ್ತದೆ ಎಂದು ಯಾರು ಎಣಿಸಿದ್ದರು! ಅಕ್ಟೋಬರ್ 23ರಂದು ಕಾರ್ಯಕಾರಿ ಮಂಡಳಿ ತುರ್ತಾಗಿ ಸೇರಿ ಕಲಬುರ್ಗಿಯವರ ಹತ್ಯೆಯನ್ನು ಖಂಡಿಸಿತು. ಪ್ರಶಸ್ತಿಗಳನ್ನು ಮರಳಿ ಪಡೆಯಿರಿ ಎಂದು ಲೇಖಕರನ್ನು ಕೇಳಿಕೊಂಡಿತು. ಎಂಟು ವಾರ ತಡವಾಯಿತು ಎಂದು ನನ್ನ ಅನಿಸಿಕೆ. ಒಂದು ಸಂತಾಪದ ಗಟ್ಟಿ ಮಾತಿಗೆ ಮಂಡಳಿ ಸೇರುವವರೆಗೆ ಕಾಯಬೇಕಿರಲಿಲ್ಲ.

ಆಮೇಲೆ ಡಿಸೆಂಬರ್ 17. ಅಕಾಡೆಮಿ ಆ ವರ್ಷದ ಪ್ರಶಸ್ತಿಗಳನ್ನು ಪ್ರಕಟಿಸಿತು. ಹುಡುಗಿಯ ಪ್ರಶ್ನೆಗೆ ಈಗ ಬಂದೆವು.

2015ರ ಪ್ರಶಸ್ತಿಗೆ 2015ರ ಪುಸ್ತಕ ನಡೆಯುವುದಿಲ್ಲ. 2014ರದ್ದೂ ನಡೆಯುವುದಿಲ್ಲ. ಹಿಂದಿನ ಒಂದು ವರ್ಷ ಬಿಟ್ಟು, ಅದರ ಹಿಂದಿನ ಐದು ವರ್ಷಗಳಲ್ಲಿ ಮೊದಲ ಬಾರಿಗೆ ಅಚ್ಚಾದ ಪುಸ್ತಕ ಆಗಬೇಕು. 2015ಕ್ಕೆ ಲೆಕ್ಕ ಹಾಕಿದರೆ 2009ರ ಜನವರಿ 1ರಿಂದ 2013ರ ಡಿಸೆಂಬರ್ 31. ತಿರುಗಿಸಿ ನೋಡಿದರೆ 2010ರಲ್ಲಿ ಬಂದ ಪುಸ್ತಕಕ್ಕೆ ಐದು ಅವಕಾಶ: 2012, 13, 14, 15, 16. 'ಅಕ್ಷಯ ಕಾವ್ಯ'ಕ್ಕೆ ನಾಲ್ಕನೆಯದರಲ್ಲಿ ದಕ್ಕಿತು. 2016ರದ್ದೂ ತಪ್ಪಿದ್ದರೆ ಬಾಗಿಲು ಮುಚ್ಚುತ್ತಿತ್ತು.

ಆಯ್ಕೆಗೂ ಮೆಟ್ಟಿಲುಗಳಿವೆ. ಮೊದಲು ಆ ಐದು ವರ್ಷದ ಪುಸ್ತಕಗಳ ಒಂದು ಮೂಲಪಟ್ಟಿ ತಯಾರಾಗುತ್ತದೆ. ಅದನ್ನು ಓದುಬಲ್ಲವರು ನೋಡಿ ಸೋಸುತ್ತಾರೆ. ಉಳಿದ ಕೆಲವೇ ಪುಸ್ತಕಗಳು ಮೂವರು ತೀರ್ಪುಗಾರರ ಮುಂದೆ ಬರುತ್ತವೆ. ಅವರು ಆರಿಸಿದ್ದಕ್ಕೆ ಕಾರ್ಯಕಾರಿ ಮಂಡಳಿಯ ಒಪ್ಪಿಗೆ. ಹಣ ಒಂದು ಲಕ್ಷ ರೂಪಾಯಿ. ಕೈಗೆ ಸಿಕ್ಕುವುದು ಮುಂದಿನ ವರ್ಷ, ಈ ಸಲ 2016ರ ಫೆಬ್ರವರಿಯಲ್ಲಿ. ಅಂದರೆ ಒಂದೇ ಪುಸ್ತಕಕ್ಕೆ 2010, 2015, 2016 ಎಂದು ಮೂರು ಇಸವಿ ಅಂಟಿಕೊಂಡಿತು. ಹುಡುಗಿ ಗೊಂದಲ ಬಿದ್ದದ್ದರಲ್ಲಿ ತಪ್ಪೇನಿದೆ?

ತಡ ಆಗುತ್ತದೆ ಎಂದು ಗೊಣಗುವವರಿದ್ದಾರೆ. ನನಗೆ ಈ ತಡ ಒಳ್ಳೆಯದೇ ಅನಿಸುತ್ತದೆ. ಹಲಸಿನ ಹಣ್ಣನ್ನು ಮರದಿಂದ ಇಳಿಸಿದ ದಿನವೇ ಕೊಯ್ಯುತ್ತೇವಾ? ಅದರಲ್ಲೂ 'ಅಕ್ಷಯ ಕಾವ್ಯ' ಕಥೆಯೇ ಇಲ್ಲದ ದೊಡ್ಡ ಕಾವ್ಯ. ಒಮ್ಮೆ ಓದಿ ಮುಗಿಸುವಂಥದ್ದಲ್ಲ. ನಾನು ಮೂರು ಸಲ ಶುರು ಮಾಡಿ, ಕೊನೆಗೆ ಎಲ್ಲಿಂದಲೋ ಎಲ್ಲಿಗೋ ಓದುವುದೇ ಸರಿ ಎಂದು ಕಲಿತೆ.

ಮಲಯಾಳದ ಕಡೆ ನೋಡಿದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಕೆ. ಆರ್. ಮೀರಾ ಅವರ 'ಆರಾಚ್ಚಾರ್' ಕಾದಂಬರಿ ಪುಸ್ತಕವಾಗಿ ಬಂದದ್ದು 2012ರಲ್ಲಿ. ಅದಕ್ಕೆ ಕೇರಳ ಸಾಹಿತ್ಯ ಅಕಾಡೆಮಿಯ 2013ರ ಪ್ರಶಸ್ತಿ, 2014ರ ವಯಲಾರ್ ಪ್ರಶಸ್ತಿ, 2015ರ ಕೇಂದ್ರ ಅಕಾಡೆಮಿ ಪ್ರಶಸ್ತಿ. ಒಂದೇ ಪುಸ್ತಕ ಮೂರು ವರ್ಷ 'ವರ್ಷದ ಪುಸ್ತಕ'ವಾಯಿತು. ಗಡಿಯಾರಗಳು ಬೇರೆ ಬೇರೆ, ಅಷ್ಟೇ.

ಇನ್ನೊಂದು ಮಾತು ಗಡಿನಾಡಿನವರು ಗಮನಿಸಲೇಬೇಕು. ಕೇಂದ್ರ ಅಕಾಡೆಮಿ ಎಣಿಸುವುದು ಭಾಷೆಯನ್ನು, ರಾಜ್ಯವನ್ನಲ್ಲ. 2015ರ ಕನ್ನಡದ ಪ್ರಶಸ್ತಿ ಕೇರಳದ ಕಾರಡ್ಕದಲ್ಲಿ ಹುಟ್ಟಿ ಹೈದರಾಬಾದಿನಲ್ಲಿ ನೆಲೆಸಿದ್ದ ಕವಿಗೆ ಹೋಯಿತು. ಅದೇ ವರ್ಷ ತಮಿಳಿನದ್ದು ಪಡೆದ ಎ. ಮಾಧವನ್ ಇದ್ದದ್ದು ತಿರುವನಂತಪುರದಲ್ಲಿ. ಅಲ್ಲಿನ ಚಾಲೆ ಬಜಾರಿನಲ್ಲಿ ಅಂಗಡಿ ನಡೆಸುತ್ತಾ ತಮಿಳಿನಲ್ಲಿ ಬರೆದವರು. ಹಾಗಾಗಿ ಆ ಸಲ ಕೇರಳಕ್ಕೆ ಸೇರಿದವರು ಮೂರು ಭಾಷೆಯ ಪಟ್ಟಿಯಲ್ಲಿದ್ದರು. ಇದನ್ನು ಹೇಳಿದರೆ ನಮ್ಮ ಮಲಯಾಳಿ ಸ್ನೇಹಿತರೂ ಒಂದು ಕ್ಷಣ ಬೆರಳು ಮಡಚಿ ಲೆಕ್ಕ ಹಾಕುತ್ತಾರೆ.

ರಾಜ್ಯದ ಲೆಕ್ಕ ಬೇರೆ ಥರ. ನವೆಂಬರ್ 1 ಬಂದರೆ ಬೆಂಗಳೂರಿನಲ್ಲಿ ರಾಜ್ಯೋತ್ಸವ ಪ್ರಶಸ್ತಿ, ತಿರುವನಂತಪುರದಲ್ಲಿ ಎಳುತ್ತಚ್ಛನ್ ಪುರಸ್ಕಾರ. ನಮ್ಮ ಮಕ್ಕಳು ಶಾಲೆಯಲ್ಲಿ ಕೇರಳಪ್ಪಿರವಿ, ಅಂದರೆ ಕೇರಳ ರಾಜ್ಯ ಹುಟ್ಟಿದ ದಿನ, ಮಾಡಿ ಬರುತ್ತಾರೆ. ಸಂಜೆ ಕನ್ನಡ ಸಂಘದಲ್ಲಿ ರಾಜ್ಯೋತ್ಸವ. ಎರಡಕ್ಕೂ ಸಿಹಿ ಹಂಚುತ್ತಾರೆ, ಅದು ಮಕ್ಕಳಿಗೆ ಲಾಭ. ಬೆಂಗಳೂರಿನ ಪಟ್ಟಿಯಲ್ಲಿ ನಾವು 'ಹೊರನಾಡು' ಎಂಬ ಸಾಲಿನಲ್ಲಿ ಬರುತ್ತೇವೆ. ಕಾಸರಗೋಡಿನಲ್ಲೇ ಹುಟ್ಟಿ ಬೆಳೆದವರು ಯಾವ ನಾಡಿನಿಂದ ಹೊರಗೆ ಎಂದು ಕೇಳಬೇಡಿ.

ಪುಸ್ತಕ ಓದುಗರ ಕೈಗೆ ಬರುವ ದಾರಿಗೂ ಎರಡು ಲೆಕ್ಕಗಳಿವೆ. ಕರ್ನಾಟಕದಲ್ಲಿ 1965ರ ಗ್ರಂಥಾಲಯ ಕಾಯ್ದೆಯಂತೆ ಕಟ್ಟಡ ತೆರಿಗೆಯ ಒಂದೊಂದು ರೂಪಾಯಿಗೆ 6 ಪೈಸೆ ಗ್ರಂಥಾಲಯದ ಕರ. ಗ್ರಂಥಾಲಯ ನಡೆಸುವುದು ಇಲಾಖೆ. ಆಯಾ ವರ್ಷದ ಪುಸ್ತಕಗಳಲ್ಲಿ ಆರಿಸಿ ಒಟ್ಟಿಗೆ ಕೊಳ್ಳುತ್ತದೆ, ಅದಕ್ಕೆ ಸಗಟು ಖರೀದಿ ಎನ್ನುತ್ತಾರೆ. ಕನ್ನಡದಲ್ಲಿ ಒಂದು ಕವನ ಸಂಕಲನ ಐನೂರೋ ಸಾವಿರವೋ ಪ್ರತಿ ಅಚ್ಚಾಗುವಾಗ ಈ ಖರೀದಿಯೇ ಪ್ರಕಾಶಕರ ಉಸಿರು. ಅದು ತಡವಾದರೆ ಮುಂದಿನ ಪುಸ್ತಕವೂ ತಡ. ಆ ಇಸವಿಯ ಲೆಕ್ಕಕ್ಕೆ ಸೇರಲಿ ಎಂದು ಡಿಸೆಂಬರಿನಲ್ಲಿ ಅಚ್ಚಿನ ಮನೆಗಳಿಗೆ ಪುರುಸೊತ್ತಿರುವುದಿಲ್ಲ. ನಮ್ಮಲ್ಲಿ, ಕೇರಳದ 1989ರ ಕಾಯ್ದೆಯಂತೆ, ಕರ 5 ಪೈಸೆ. ಆದರೆ ಗ್ರಂಥಾಲಯ ಊರವರದ್ದೇ. ಲೈಬ್ರರಿ ಕೌನ್ಸಿಲ್ ಗ್ರೇಡು ನೋಡಿ ಗ್ರಾಂಟ್ ಕೊಡುತ್ತದೆ. ಜಿಲ್ಲಾ ಪುಸ್ತಕೋತ್ಸವಕ್ಕೆ ಹೋಗಿ ನಮಗೆ ಬೇಕಾದ್ದನ್ನು ನಾವೇ ಆರಿಸಿ ತರಬಹುದು. ಒಂದು ಪೈಸೆ ಕಡಿಮೆ, ಸ್ವಾತಂತ್ರ್ಯ ಜಾಸ್ತಿ. ಅಲ್ಲಿ ಕನ್ನಡದ ಮಳಿಗೆ ಹುಡುಕುವುದಕ್ಕೆ ಮಾತ್ರ ಸ್ವಲ್ಪ ನಡೆಯಬೇಕು.

ಇಷ್ಟನ್ನೂ ಆ ಹುಡುಗಿಗೆ ಹೇಳಿದೆ, ಬಿಟ್ಟು ಬಿಟ್ಟು, ಎರಡು ಮೂರು ಸಂಜೆ. ಕೊನೆಗೆ ಅವಳೇ ಒಂದು ಕೆಲಸ ಮಾಡಿದಳು. ಲೈಬ್ರೇರಿಯನ್ ಅಕ್ಕನ ಹತ್ತಿರ ಸ್ಟಾಕ್ ರಿಜಿಸ್ಟರ್ ಕೇಳಿ 'ಅಕ್ಷಯ ಕಾವ್ಯ'ದ ಸಾಲು ಹುಡುಕಿದಳು. ನಮ್ಮಲ್ಲಿಗೆ ಬಂದದ್ದು 2016ರಲ್ಲಿ, ಪ್ರಶಸ್ತಿ ಬಂದ ಮೇಲೆ. ಪುಸ್ತಕದ ಹಿಂಬದಿಯ ಚೀಟಿಯಲ್ಲಿ ಮೊದಲ ತಾರೀಕಿನ ಮುದ್ರೆ 2023ರ ಫೆಬ್ರವರಿಯದು. ಆ ಜನವರಿ 30ಕ್ಕೆ ತಿರುಮಲೇಶ್ ಹೈದರಾಬಾದಿನಲ್ಲಿ ತೀರಿಕೊಂಡಿದ್ದರು. ಯಾರೋ ಸುದ್ದಿ ಓದಿ ಬಂದು ಒಯ್ದಿರಬೇಕು.

ಅದರ ಕೆಳಗೆ ಎರಡನೇ ಮುದ್ರೆಗೆ ಜಾಗ ಖಾಲಿ ಇತ್ತು. "ಇದನ್ನು ನನ್ನ ಹೆಸರಿಗೆ ಹಾಕಿ ಅಕ್ಕ" ಎಂದಳು. ಅಕ್ಕ ಮುದ್ರೆಯ ಚಕ್ರ ತಿರುಗಿಸಿ ತಾರೀಕು ಸರಿ ಮಾಡಿಕೊಂಡು, ಒಮ್ಮೆ ಗೋಡೆಯ ಕ್ಯಾಲೆಂಡರ್ ನೋಡಿ, ಒತ್ತಿದರು.